ತೊಂಬತ್ತು ಕಿಲೋ ಮೇಲ್ಪಟ್ಟವರ ಪಟ್ಟಿ

ಸರ್ಕಾರದ ಸುತ್ತೋಲೆಗಳಿಂದ ಸಾಮಾನ್ಯವಾಗಿ ಯಾರಿಗೂ ಅಪಾಯವಿಲ್ಲ, ಏಕೆಂದರೆ ಅವನ್ನು ಯಾರೂ ಓದುವುದಿಲ್ಲ. ಬಂದ ದಿನ ಒಂದು ಸೀಲು, ಒಂದು ಸಹಿ, ಆಮೇಲೆ ಫೈಲಿನ ಹೊಟ್ಟೆ. ಆದರೆ ಅರವತ್ತಮೂರನೆಯ ಇಸವಿಯ ಮಾರ್ಚಿ ತಿಂಗಳ ಒಂದು ಸೋಮವಾರ ಯಲಹಂಕದ ಹೆಲ್ತ್ ಆಫೀಸಿಗೆ ಬಂದ ಸುತ್ತೋಲೆಯನ್ನು ಹೆಡ್ ಕ್ಲಾರ್ಕ್ ಮೊಯಿನುದ್ದೀನ್ ಸಾಹೇಬರು ಓದಿಬಿಟ್ಟರು. ಅವತ್ತು ಪೇಪರಿನವನು ಬಂದಿರಲಿಲ್ಲ.

ಸುತ್ತೋಲೆ ಎರಡೇ ಸಾಲಿನದು. ಎಲ್ಲ ಹೆಲ್ತ್ ಇನ್‌ಸ್ಪೆಕ್ಟರುಗಳ ದೇಹದ ತೂಕವನ್ನು ಜಿಲ್ಲಾ ಆರೋಗ್ಯಾಧಿಕಾರಿಗಳು ಶನಿವಾರದೊಳಗೆ ಖುದ್ದಾಗಿ ಪರಿಶೀಲಿಸತಕ್ಕದ್ದು. ತೊಂಬತ್ತು ಕಿಲೋ ಮೇಲ್ಪಟ್ಟವರ ಪಟ್ಟಿಯನ್ನು ಪ್ರತ್ಯೇಕವಾಗಿ ಕಳಿಸತಕ್ಕದ್ದು. ಏಕೆ ಎಂದು ಬರೆದಿರಲಿಲ್ಲ. ಸರ್ಕಾರ ಬರೆಯದೆ ಬಿಟ್ಟದ್ದನ್ನು ತುಂಬಿಸಿಕೊಡಲು ಪ್ರತಿ ಆಫೀಸಿನಲ್ಲೂ ಒಬ್ಬರು ಇರುತ್ತಾರೆ. ಮೊಯಿನುದ್ದೀನ್ ಕನ್ನಡಕ ಒರೆಸಿಕೊಂಡರು.

"ಇದರಲ್ಲಿ ತಿಳ್ಕೊಳ್ಳೋಕೇನಿದೆ? ಕೋಟೆ ತಾಲ್ಲೂಕಿನ ಕಾಡಿನ ಲಸಿಕೆ ಕ್ಯಾಂಪಿಗೆ ಜಿಲ್ಲೆಗೊಬ್ಬ ಇನ್‌ಸ್ಪೆಕ್ಟರ್‌ನ ಎರಡು ವರ್ಷಕ್ಕೆ ಕಳಿಸ್ಬೇಕು ಅಂತ ಆರ್ಡರ್ ಆಗಿದೆ. ಯಾರನ್ನ ಕಳಿಸ್ತಾರೆ? ದಪ್ಪಗಿರೋರನ್ನ. ಕಾಡಲ್ಲಿ ನಡೆದು ಕರಗಲಿ ಅಂತ. ಇಲ್ದಿದ್ರೆ ಸರ್ಕಾರಕ್ಕೆ ದಪ್ಪಗಿರೋರ ಪಟ್ಟಿ ಯಾಕ್ ಬೇಕು ಹೇಳಿ?"

ಎಲ್ಲರೂ ಮೂಲೆಯ ಮೇಜಿನ ಕಡೆ ನೋಡಿದರು. ಅಲ್ಲಿ ಇನ್‌ಸ್ಪೆಕ್ಟರ್ ಬ್ಯಾಟರಾಯಪ್ಪನವರು ತಮ್ಮ ತೊಂಬತ್ತೈದು ಕಿಲೋ ಸಮೇತ ಕೂತಿದ್ದರು.

ಆಮೇಲೆ ಯಲಹಂಕದಲ್ಲಿ ವಾರವಿಡೀ ಇದೇ ಚರ್ಚೆ. ಆರೋಗ್ಯ ಇಲಾಖೆಯವನ ಹೊಟ್ಟೆ ಎಷ್ಟಿರಬೇಕು? ಸ್ಟೇಷನ್ ರಸ್ತೆಯ ಹೋಟೆಲಿನಲ್ಲಿ ಎರಡು ಪಕ್ಷಗಳಾದವು. ಊರಿಗೆಲ್ಲ ಮಿತವಾಗಿ ತಿನ್ನಿ ಎಂದು ಭಾಷಣ ಬಿಗಿಯುವವನೇ ಗುಡಾಣದಂತಿದ್ದರೆ ಜನ ಯಾಕೆ ಕೇಳಬೇಕು ಎಂದಿತು ಒಂದು. ಮನುಷ್ಯ ಕೆಲಸ ಮಾಡುವುದು ಹೊಟ್ಟೆಯಿಂದಲೋ ಕೈಯಿಂದಲೋ ಎಂದಿತು ಇನ್ನೊಂದು. ಎರಡೂ ಪಕ್ಷದವರು ವಾದಿಸುತ್ತ ಎರಡೆರಡು ಮಸಾಲೆದೋಸೆ ತಿಂದರು. ಬ್ಯಾಟರಾಯಪ್ಪನವರು ಮಾತ್ರ ಮೂಲೆಯಲ್ಲಿ ಬಿಸಿನೀರು ಕುಡಿಯುತ್ತಿದ್ದರು.

ಅವರಿಗೆ ಕಾಡಿನ ಭಯವಿರಲಿಲ್ಲ. ಅವರ ಭಯವೆಲ್ಲ ಮನೆಯಲ್ಲಿತ್ತು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಹೆಂಡತಿ ದ್ರೌಪದಮ್ಮನಿಗೆ ಈಗ ಏಳು ತಿಂಗಳು. ಬಸ್ಸು ಗಾಡಿ ಯಾವುದೂ ಹತ್ತಿಸಕೂಡದು ಎಂದು ಸೂಲಗಿತ್ತಿ ಕಡ್ಡಿ ಮುರಿದಂತೆ ಹೇಳಿದ್ದಳು. ತವರಿನಲ್ಲಿ ಯಾರೂ ಇಲ್ಲ. ಈ ಹೊತ್ತಿನಲ್ಲಿ ತಾವು ಕೋಟೆಯ ಕಾಡಿಗೆ ಹೋದರೆ ಇವಳಿಗೆ ಒಂದು ಲೋಟ ನೀರು ಕೊಡುವವರು ಯಾರು?

ಹಾಗಾಗಿ ಐದು ದಿನ ಉಪವಾಸ. ಬೆಳಿಗ್ಗೆ ಮಜ್ಜಿಗೆ, ರಾತ್ರಿ ಮಜ್ಜಿಗೆ. ನಡುವೆ ಹುರುಳಿಕಟ್ಟಿನ ತಿಳಿ. ಮನೆಯಲ್ಲಿ ಇಬ್ಬರ ಪಾಲು ಉಣ್ಣಬೇಕಾದವಳು ಒಬ್ಬಳು, ತನ್ನ ಪಾಲನ್ನೂ ಉಣ್ಣದವನು ಇನ್ನೊಬ್ಬ. ದ್ರೌಪದಮ್ಮ ಗಂಡನ ಮುಂದೆ ಮುದ್ದೆ ಮುರಿಯಲು ನಾಚಿಕೊಂಡು ಅಡುಗೆಮನೆಯ ಬಾಗಿಲ ಹಿಂದೆ ಕೂತು ಉಣ್ಣುತ್ತಿದ್ದಳು. ಬಸ್ಸಾರಿನ ವಾಸನೆಗೆ ಮಾತ್ರ ಬಾಗಿಲಿನ ಹಂಗಿರಲಿಲ್ಲ.

ಶನಿವಾರ ಬೆಳಿಗ್ಗೆ ಆರು ಗಂಟೆಗೆ ಬ್ಯಾಟರಾಯಪ್ಪನವರು ರೈಲ್ವೆ ಸ್ಟೇಷನ್ನಿನ ಪಾರ್ಸೆಲ್ ಆಫೀಸಿಗೆ ಹೋಗಿ ತಕ್ಕಡಿಯ ಮೇಲೆ ನಿಂತರು. ಪಾರ್ಸೆಲ್ ಗುಮಾಸ್ತ ತೂಕದ ಬಟ್ಟನ್ನು ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿ, ಚೀಟಿಯಲ್ಲಿ ಬರೆದುಕೊಟ್ಟ: "ಸರಕು, ಇನ್‌ಸ್ಪೆಕ್ಟರು ಒಬ್ಬರು. ಎಂಬತ್ತೊಂಬತ್ತು ಕಿಲೋ ನಾನೂರು ಗ್ರಾಂ."

ಆ ಚೀಟಿಯನ್ನು ಅವರು ಎರಡು ಸಲ ಕಣ್ಣಿಗೊತ್ತಿಕೊಂಡರು. ಇನ್ನೇನು, ಜಿಲ್ಲಾ ಸಾಹೇಬರು ಮಧ್ಯಾಹ್ನ ಬಂದು ಇದೇ ತಕ್ಕಡಿಯಲ್ಲಿ ತೂಗಿ ಹೋಗುತ್ತಾರೆ, ರಾತ್ರಿ ಬಿಸಿ ಮುದ್ದೆ, ಬಸ್ಸಾರು. ಮನಸ್ಸಿನಲ್ಲೇ ಮುದ್ದೆಯ ಗಾತ್ರ ಲೆಕ್ಕ ಹಾಕುತ್ತ ಆಫೀಸಿಗೆ ಬಂದರೆ, ಮೊಯಿನುದ್ದೀನ್ ಬಾಗಿಲಲ್ಲೇ ನಿಂತಿದ್ದರು. ಪಕ್ಕದಲ್ಲಿ ಲಸಿಕೆಯ ಪೆಟ್ಟಿಗೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು, ಸೂಜಿ ಹಾಕುವ ನಜೀರ್. ನಜೀರ್ ಎಷ್ಟು ಸಣಕಲು ಎಂದರೆ ಖಾಕಿ ಅಂಗಿ ಅವನ ಮೇಲೆ ಇನ್ನೂ ಗೂಟದಲ್ಲೇ ಇದ್ದಂತೆ ಕಾಣುತ್ತಿತ್ತು.

"ಬ್ಯಾಟರಾಯಪ್ಪ, ಬೇಗ ಹೊರಡಿ. ಬಾಗಲೂರು ಆಚೆ ಒಂದು ಮಗೂಗೆ ಸಿಡುಬು ಕಾಣಿಸ್ಕೊಂಡಿದೆ. ಪಕ್ಕದಲ್ಲೇ ಹುಣಸೆಪಾಳ್ಯ. ಅಲ್ಲಿ ಒಬ್ಬರ ಮೈಗೂ ಈ ವರ್ಷ ಸೂಜಿ ತಾಗಿಲ್ಲ. ಇವತ್ತು ಸಂಜೆಯೊಳಗೆ ಇಡೀ ಹಳ್ಳಿ ಮುಗೀಬೇಕು ಅಂತ ಸಾಹೇಬರ ಫೋನು."

"ಹೋಗ್ತೀನಿ. ಆದ್ರೆ ತೂಕ?"

"ಅದೂ ಅಲ್ಲೇ. ನಾಲ್ಕು ಗಂಟೆಗೆ ಜೀಪಲ್ಲಿ ಹುಣಸೆಪಾಳ್ಯಕ್ಕೇ ಬರ್ತಾರೆ. ಅಲ್ಲಿ ಆಂಜಿನಪ್ಪನ ಮಂಡೀಲಿ ರಾಗಿ ಮೂಟೆ ತೂಗೋ ತಕ್ಕಡಿ ಇದೆಯಲ್ಲ, ಅದರಲ್ಲೇ ನೋಡ್ತಾರಂತೆ."

ಹುಣಸೆಪಾಳ್ಯ ಎಂದ ಕೂಡಲೇ ಬ್ಯಾಟರಾಯಪ್ಪನವರ ಮುಖ ಇಳಿದುಹೋಯಿತು. ಅದಕ್ಕೆ ಕಾರಣವಿತ್ತು.

ಮೂರು ವರ್ಷದ ಹಿಂದೆ ಅವರು ಮೊದಲ ಸಲ ಆ ಹಳ್ಳಿಗೆ ಹೋದಾಗ ಜನ ಬಾಗಿಲು ಹಾಕಿಕೊಂಡಿದ್ದರು. ಸಿಡುಬೆಂದರೆ ಪಟಾಲಮ್ಮ ತಾಯಿ ಮೈಮೇಲೆ ಬರುವುದು, ಅದಕ್ಕೆ ಅಡ್ಡ ಸೂಜಿ ಹಾಕಿದರೆ ತಾಯಿ ಮುನಿಯುತ್ತಾಳೆ ಎಂದು. ಆಗ ಗುಡಿಯ ಪೂಜೆ ಮಾಡುವ ಮುನಿಯಲ್ಲಮ್ಮಜ್ಜಿ ಒಂದು ದಾರಿ ತೋರಿಸಿದಳು. ತಾಯಿಗೆ ಆರತಿ ಎತ್ತಿದ ತಂಬಿಟ್ಟನ್ನು ಸಾಹೇಬ ತಿಂದು ಅರಗಿಸಿಕೊಂಡರೆ ತಾಯಿಯ ಅಪ್ಪಣೆ ಆದಂತೆ. ಬ್ಯಾಟರಾಯಪ್ಪನವರು ಸಂತೋಷವಾಗಿ ತಿಂದರು. ಮೊದಲ ಮನೆಯವರು ತೋಳು ಚಾಚಿದರು. ಎರಡನೆಯ ಮನೆಯವಳು, ಅವರ ಮನೆ ತಂಬಿಟ್ಟು ತಿಂದೋರು ನಮ್ಮನೇದು ಯಾಕೆ ತಿನ್ನೋದಿಲ್ಲ ಎಂದಳು. ಅಲ್ಲಿಂದ ಸುದ್ದಿ ಸುತ್ತಲ ಹಳ್ಳಿಗಳಿಗೂ ಹರಡಿತು. ತಣಿಸಂದ್ರದಿಂದ ಬಾಗಲೂರಿನವರೆಗೆ ಎಲ್ಲೇ ಹೋಗಲಿ, ಮನೆಗೊಂದು ತಂಬಿಟ್ಟು, ಆಮೇಲೆ ಸೂಜಿ. ಜಿಲ್ಲೆಯಲ್ಲೇ ಹೆಚ್ಚು ಜನಕ್ಕೆ ಸೂಜಿ ಹಾಕಿದ ಕೀರ್ತಿ ಬ್ಯಾಟರಾಯಪ್ಪನವರಿಗೆ ಬಂತು. ಕೀರ್ತಿಯ ಜೊತೆಗೆ ಇಪ್ಪತ್ತೆರಡು ಕಿಲೋ ಮೈಯೂ ಬಂತು. ಅವರ ಹೊಟ್ಟೆ ಇಲಾಖೆಯ ಕೆಲಸದಲ್ಲೇ ಬೆಳೆದದ್ದು, ಆದರೆ ಅದನ್ನು ಬರೆಯಲು ಸರ್ವೀಸ್ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ.

ದಾರಿಯುದ್ದಕ್ಕೂ ಸೈಕಲ್ ತುಳಿಯುತ್ತ ಅವರು ನಜೀರನಿಗೆ ಪಾಠ ಹೇಳಿಕೊಟ್ಟರು. "ನೋಡಪ್ಪ, ಇವತ್ತು ತಂಬಿಟ್ಟು ನೀನು ತಿನ್ಬೇಕು. ನನಗಿರೋದು ಆರುನೂರು ಗ್ರಾಂ ಅಂತರ, ಅಷ್ಟೇ. ಎಂಟು ತಂಬಿಟ್ಟಿಗೆ ನಾನು ಕೋಟೆ ಕಾಡಲ್ಲಿರ್ತೀನಿ."

"ತಿಂತೀನಿ ಸಾರ್. ನಂಗೆ ಎಷ್ಟ್ ತಿಂದ್ರೂ ಮೈಗೆ ಹತ್ತಲ್ಲ."

"ಅದೇ ಪುಣ್ಯ ಕಣೋ."

ಹತ್ತು ಗಂಟೆಗೆ ಹುಣಸೆಪಾಳ್ಯದ ಪಟಾಲಮ್ಮನ ಗುಡಿಯ ಮುಂದೆ ಸೈಕಲ್ ನಿಲ್ಲಿಸಿದರು. ಪಕ್ಕದ ಹಳ್ಳಿಯ ಸುದ್ದಿ ಮುಟ್ಟಿತ್ತು. ಜನ ಆಗಲೇ ಸೇರಿದ್ದರು. ಮೂವತ್ತು ಮನೆಯ ಹೆಂಗಸರು ಮೂವತ್ತು ತಟ್ಟೆ ಹಿಡಿದು ನಿಂತಿದ್ದರು. ತಟ್ಟೆಯಲ್ಲಿ ತಂಬಿಟ್ಟು, ತುಪ್ಪದ ಘಮ. ಐದು ದಿನದ ಉಪವಾಸದ ಹೊಟ್ಟೆ ಬ್ಯಾಟರಾಯಪ್ಪನವರ ಒಳಗೆ ಒಮ್ಮೆ ಗುಡುಗಿತು.

ಮುನಿಯಲ್ಲಮ್ಮಜ್ಜಿ ಮುಂದೆ ಬಂದಳು. ಹಣೆಗೆ ಕೈ ಅಡ್ಡ ಹಿಡಿದು ಅವರನ್ನು ನೋಡಿದಳು. ಇನ್ನೂ ಹತ್ತಿರ ಬಂದು ನೋಡಿದಳು. ಆಮೇಲೆ ಎದೆ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯೋ ನನ್ನಪ್ಪ! ಏನ್ ಸ್ವಾಮಿ ಇಂಗ್ ಸೊರಗೋಗಿದ್ದೀರಿ? ಕೆನ್ನೆ ಎಲ್ಲೋಯ್ತು?"

"ಏನಿಲ್ಲಜ್ಜಿ, ಚೆನ್ನಾಗೇ ಇದ್ದೀನಿ."

"ಎಲ್ ಚೆಂದಾಗಿದ್ದೀರಿ? ಬೆಲ್ಟು ಎಂಗ್ ಜೋತಾಡ್ತೈತೆ ನೋಡ್ರಮ್ಮಾ!"

ಜನರಲ್ಲಿ ಗುಸುಗುಸು ಎದ್ದಿತು. ಊರಿನ ಹಿರಿಯ ರೈತ ದೊಡ್ಡಮುನಿಯಪ್ಪ ಹೆಗಲ ಮೇಲಿನ ಟವೆಲ್ಲು ಕೊಡವಿ ಎದ್ದು ನಿಂತ. "ಸ್ವಾಮಿ, ಬೇಜಾರ್ ಮಾಡ್ಕಬ್ಯಾಡಿ. ಓದ್ ವರ್ಸ ನೀವೂ ನಮ್ ಮುಂದೇನೇ ಸೂಜಿ ಆಕ್ಸ್ಕಂಡ್ರಿ. ಈಗ ನೋಡುದ್ರೆ ಇಂಗ್ ಆಗಿದ್ದೀರಿ. ಸೂಜಿ ಆಕ್ಸ್ಕಂಡೋರು ಇಂಗ್ ಒಣಗೋಯ್ತಾರೆ ಅಂದ್ರೆ ನಮ್ ಮಕ್ಳ ಗತಿ ಏನು?"

"ಸೂಜಿಗೂ ಇದಕ್ಕೂ ಸಂಬಂಧ ಇಲ್ಲಪ್ಪ!"

"ಅಂಗಾದ್ರೆ ಯಾಕ್ ಸೊರಗಿದ್ದೀರಿ?"

ಸರ್ಕಾರ ನನ್ನನ್ನು ತೂಗುತ್ತದೆ ಎಂದರೆ ಇವರು ನಂಬುತ್ತಾರೆಯೇ? ಸರ್ಕಾರ ರಾಗಿ ತೂಗುತ್ತದೆ, ಹುಣಸೆಹಣ್ಣು ತೂಗುತ್ತದೆ, ಇನ್‌ಸ್ಪೆಕ್ಟರನ್ನು ಯಾಕೆ ತೂಗುತ್ತದೆ? ಬ್ಯಾಟರಾಯಪ್ಪನವರು ನಜೀರನನ್ನು ಮುಂದೆ ತಳ್ಳಿದರು.

"ಇವತ್ತು ತಾಯಿ ಪ್ರಸಾದ ನಮ್ಮ ನಜೀರ್ ತಿಂತಾನೆ. ಅವನೂ ಇಲಾಖೆಯವನೇ."

ನಜೀರ್ ಹಲ್ಲು ಬಿಟ್ಟು ಕೈ ಚಾಚಿದ. ಹೆಂಗಸರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಮೊದಲ ತಟ್ಟೆಯವಳು ತಟ್ಟೆಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಇವ್ರು ಇನ್ನೂ ಒಣ್ಗೋಗವ್ರೆ," ಎಂದಳು. "ದಿನಾ ಸೂಜಿ ಮುಟ್ಟಿ ಮುಟ್ಟಿ ಇಂಗಾಗವ್ರೆ. ನಮ್ಗೆ ಬ್ಯಾಡಮ್ಮ."

ಒಬ್ಬಳು ಹೊರಟಳು. ಅವಳ ಹಿಂದೆ ಇನ್ನೊಬ್ಬಳು. ಕಂಕುಳಲ್ಲಿ ಕೂಸು ಎತ್ತಿಕೊಂಡವರು ಮನೆಯ ಕಡೆ ತಿರುಗಿದರು. ಒಂದೂವರೆ ಮೈಲಿ ಆಚೆ ಒಂದು ಮಗು ಸಿಡುಬಿನಿಂದ ನರಳುತ್ತಿದೆ. ಇವತ್ತು ಈ ಬಾಗಿಲುಗಳು ಮುಚ್ಚಿದರೆ ಬರುವ ವಾರ ಇದೇ ಅಂಗಳದಲ್ಲಿ ಬೇವಿನಸೊಪ್ಪು ಕಟ್ಟಬೇಕಾಗುತ್ತದೆ. ಕಂಕುಳಿನ ಒಂದು ಕೂಸು ಹೋಗುಹೋಗುತ್ತ ಬ್ಯಾಟರಾಯಪ್ಪನವರ ಕಡೆ ತಿರುಗಿ, ಹಲ್ಲಿಲ್ಲದ ಬಾಯಿ ತೆರೆದು ನಕ್ಕಿತು. ಅವರಿಗೆ ಹುಟ್ಟಬೇಕಾದ ತಮ್ಮ ಕೂಸಿನ ನೆನಪಾಯಿತು.

"ನಿಲ್ರಮ್ಮಾ! ನಾನೇ ತಿಂತೀನಿ!" ಎಂದು ಕೂಗಿದರು.

"ಎಲ್ರುದೂ?" ಎಂದಳು ಅಜ್ಜಿ.

"ಎಲ್ಲರದೂ."

ಮೊದಲ ಮೂರು ತಂಬಿಟ್ಟು ಅಮೃತದಂತಿದ್ದವು. ಅದನ್ನು ಮುಚ್ಚಿಡಬೇಕಾಗಿಲ್ಲ. ಐದು ದಿನ ಮಜ್ಜಿಗೆ ಕುಡಿದ ನಾಲಿಗೆಗೆ ಬೆಲ್ಲ ತುಪ್ಪ ತಾಗಿದಾಗ ಅವರ ಕಣ್ಣಿನಲ್ಲಿ ನೀರೇ ಬಂತು. ನಾಲ್ಕನೆಯದರಿಂದ ಲೆಕ್ಕ ಶುರುವಾಯಿತು. ಎಂಟನೆಯದು ಗಂಟಲಿಗಿಳಿದಾಗ ತೊಂಬತ್ತು ಕಿಲೋದ ಗಡಿ ದಾಟಿತು ಎಂದು ಅವರಿಗೆ ಖಾತ್ರಿಯಾಯಿತು. ಹನ್ನೆರಡನೆಯದನ್ನು ಅರ್ಧ ಮುರಿದು ಜೇಬಿಗೆ ಹಾಕಲು ನೋಡಿದರು. ಅಜ್ಜಿಯ ಕಣ್ಣು ಬಿತ್ತು.

"ಸ್ವಾಮಿ, ಜೇಬಿಗೆ ಪ್ರಸಾದ ತಿನ್ಸುದ್ರೆ ತಾಯಿ ಒಪ್ತಾಳಾ?"

ಒಂದೊಂದು ತಂಬಿಟ್ಟು ಇಳಿದಂತೆ ಒಂದೊಂದು ಮನೆಯ ತೋಳುಗಳು ಮುಂದೆ ಬರುತ್ತಿದ್ದವು. ನಜೀರ್ ಸರಸರನೆ ಸೂಜಿ ಹಾಕುತ್ತ ಹೋದ. ಇಪ್ಪತ್ತನೆಯ ಮನೆಗೆ ಬರುವಾಗ ಬ್ಯಾಟರಾಯಪ್ಪನವರು ಕೂತಲ್ಲಿಂದ ಏಳುವ ಸ್ಥಿತಿಯಲ್ಲಿರಲಿಲ್ಲ. ಮಧ್ಯೆ ಮಧ್ಯೆ ಚೊಂಬಿನಲ್ಲಿ ನೀರು. ಆ ನೀರಿಗೂ ತೂಕವಿದೆ ಎಂಬುದು ಕುಡಿದ ಮೇಲೆ ನೆನಪಾಗುತ್ತಿತ್ತು. ಬೆಲ್ಟನ್ನು ಒಂದು ತೂತು ಸಡಿಲಿಸಿದರು, ಆಮೇಲೆ ಬಿಚ್ಚಿಯೇ ಇಟ್ಟರು. ಅದನ್ನು ಕಂಡು ಹೆಂಗಸರು ಸಮಾಧಾನದ ಉಸಿರು ಬಿಟ್ಟರು. ಸಾಹೇಬರು ಚೇತರಿಸಿಕೊಳ್ಳುತ್ತಿದ್ದಾರೆ!

ಮೂರೂವರೆಗೆ ಮೂವತ್ತನೆಯ ತಂಬಿಟ್ಟು ಮುಗಿಯಿತು. ನೂರ ಎಂಬತ್ತಾರು ಜನಕ್ಕೆ ಸೂಜಿ ಬಿದ್ದಿತ್ತು. ಒಬ್ಬರೂ ಉಳಿದಿರಲಿಲ್ಲ. ನಜೀರ್ ಪೆಟ್ಟಿಗೆ ಮುಚ್ಚಿ, "ಸಾರ್, ದಾಖಲೆ!" ಎಂದ. ಬ್ಯಾಟರಾಯಪ್ಪನವರು ಗುಡಿಯ ಗೋಡೆಗೆ ಒರಗಿ, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ಮೂರು ಕಿಲೋಗೆ ಕಡಿಮೆ ಇಲ್ಲ ಎಂದು ಗೊಣಗುತ್ತಿದ್ದರು.

ಆಗ ಆಂಜಿನಪ್ಪ ಬಂದ. ಹಳ್ಳಿಯ ಅಂಚಿನಲ್ಲಿ ರಾಗಿ, ಹುಣಸೆಹಣ್ಣಿನ ಮಂಡಿ ಇಟ್ಟುಕೊಂಡಿದ್ದ ವ್ಯಾಪಾರಿ. ಬೆರಳಿಗೆ ಮೂರು ಉಂಗುರ, ಬಾಯಿ ತುಂಬ ವಿಳ್ಯ. ನಜೀರ್ ಅವನ ಕಿವಿಯಲ್ಲಿ ಎಲ್ಲ ಊದಿದ್ದ. ಆಂಜಿನಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಪಿಸುಗುಟ್ಟಿದ.

"ಸಾರ್, ತೂಕದ ಚಿಂತೆ ಬಿಡಿ. ನಾನಿಲ್ವಾ?"

"ನೀನೇನ್ ಮಾಡ್ತೀಯಪ್ಪ? ನಾನೀಗ ತೊಂಬತ್ಮೂರು ಇರಬೇಕು."

"ನಮ್ ತಕ್ಕಡೀಲಿ ನೀವು ಎಂಬತ್ತೆಂಟು." ಆಂಜಿನಪ್ಪ ಆಚೀಚೆ ನೋಡಿದ. "ಅದರ ಅಡ್ಡಪಟ್ಟಿ ಹಿಂದೆ ಒಂದು ಸೀಸದ ಬಿಲ್ಲೆ ಐತೆ. ಏನಿಟ್ರೂ ಐದು ಕಿಲೋ ಕಮ್ಮಿ ತೋರಿಸ್ತದೆ. ರೈತರು ಮಾಲು ತರ್ತಾರಲ್ಲ, ಅವಾಗ ಸ್ವಲ್ಪ ಅನುಕೂಲ ಆಯ್ತದೆ. ಯಾರಿಗೂ ಗೊತ್ತಿಲ್ಲ. ನೀವು ಸುಮ್ನೆ ನಿಂತ್ಕಳಿ."

ಬ್ಯಾಟರಾಯಪ್ಪನವರು ಪ್ರಾಮಾಣಿಕರು. ಹೋಟೆಲು ತಪಾಸಣೆಗೆ ಹೋದರೆ ಕಾಫಿಗೂ ಕಾಸು ಕೊಟ್ಟು ಬರುವವರು. ಮೂಟೆಗೆ ಐದು ಕಿಲೋ! ಬೈದುಬಿಡಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಬಾಗಿಲ ಹಿಂದೆ ಕೂತು ಉಣ್ಣುವ ದ್ರೌಪದಮ್ಮ ಕಣ್ಣ ಮುಂದೆ ಬಂದಳು. ತೂಕ, ಅಳತೆ ಆರೋಗ್ಯ ಇಲಾಖೆಗೆ ಸೇರಿದ್ದಲ್ಲ, ಅದಕ್ಕೆ ಬೇರೆ ಇಲಾಖೆಯೇ ಇದೆ ಎಂದು ತಮಗೆ ತಾವೇ ಹೇಳಿಕೊಂಡರು. ತೆರೆದ ಬಾಯಿಂದ "ಹೂಂ" ಎಂಬ ಒಂದೇ ಸ್ವರ ಹೊರಬಿತ್ತು.

ನಾಲ್ಕಕ್ಕೆ ಸರಿಯಾಗಿ ಜೀಪು ಬಂತು. ಜಿಲ್ಲಾ ಆರೋಗ್ಯಾಧಿಕಾರಿಗಳು ಇಳಿದರು. ತೆಳ್ಳಗೆ, ನೆಟ್ಟಗೆ, ಬಿಳಿ ಪ್ಯಾಂಟು, ನಗದ ಮುಖ. ಬೆಳಿಗ್ಗೆ ನಾಲ್ಕಕ್ಕೆದ್ದು ಆರು ಮೈಲಿ ನಡೆಯುವವರು, ಅರ್ಧ ಚಪಾತಿ ಉಳಿಸಿ ಏಳುವವರು ಎಂದು ಜಿಲ್ಲೆಯಲ್ಲೆಲ್ಲ ಪ್ರಸಿದ್ಧರು. ಅವರ ಕಣ್ಣು ಮೊದಲು ಹೋದದ್ದು ಬ್ಯಾಟರಾಯಪ್ಪನವರ ಹೊಟ್ಟೆಯ ಕಡೆಗೆ.

"ಎಷ್ಟು ಜನ?"

"ನೂರ ಎಂಬತ್ತಾರು ಸಾರ್. ಎಲ್ಲರೂ."

"ಗುಡ್. ತಕ್ಕಡಿ ಎಲ್ಲಿ?"

ಮಂಡಿಯ ಮುಂದೆ ಇಡೀ ಹಳ್ಳಿ ಸೇರಿತು. ಇನ್‌ಸ್ಪೆಕ್ಟರನ್ನು ತೂಗುವುದನ್ನು ಅವರು ಹಿಂದೆ ಕಂಡವರಲ್ಲ. ಬ್ಯಾಟರಾಯಪ್ಪನವರು ಬೂಟು ಬಿಚ್ಚಿದರು, ಪೆನ್ನು ತೆಗೆದರು, ಜೇಬಿನ ಕರ್ಚೀಫು ನಜೀರನಿಗೆ ಕೊಟ್ಟರು. ಉಸಿರಿಗೂ ತೂಕವಿದ್ದರೆ ಎಂದು ಅದನ್ನೂ ಹೊರಗೆ ಬಿಟ್ಟು ತಕ್ಕಡಿಯ ಕಬ್ಬಿಣದ ಹಲಗೆಯ ಮೇಲೆ ಹತ್ತಿ ನಿಂತರು. ಆಂಜಿನಪ್ಪ ಬಟ್ಟನ್ನು ಸರಿಸಿದ. ಅಡ್ಡಪಟ್ಟಿ ಮೇಲಕ್ಕೆದ್ದಿತು, ಕೆಳಗೆ ಇಳಿಯಿತು, ನಡುಗಿತು. ಕೊನೆಗೆ ಪಟ್ಟಿ ನಿಂತಿತು.

"ಎಂಬತ್ತೆಂಟು," ಎಂದ ಆಂಜಿನಪ್ಪ ಗಟ್ಟಿಯಾಗಿ.

ಬ್ಯಾಟರಾಯಪ್ಪನವರಿಗೆ ಪ್ರಾಣ ಬಂದಂತಾಯಿತು. ಸಾಹೇಬರು ಬಗ್ಗಿ ತಾವೇ ನೋಡಿದರು. ಆಮೇಲೆ ಅವರ ಮುಖದಲ್ಲಿ ಯಾರೂ ಹಿಂದೆ ಕಂಡಿರದ ಒಂದು ಕಿರುನಗೆ ಮೂಡಿತು.

"ಭೇಷ್ ಬ್ಯಾಟರಾಯಪ್ಪ! ನಿಮ್ಮನ್ನ ನೋಡಿ ಕೆಲಸ ಕೆಡ್ತು ಅಂದ್ಕೊಂಡಿದ್ದೆ. ಎಂಬತ್ತೆಂಟು ಅಂದ್ರೆ ಅಡ್ಡಿಯಿಲ್ಲ. ಇಷ್ಟು ಚೆನ್ನಾಗಿ ಸೂಜಿ ಹಾಕಿಸೋರು ಜಿಲ್ಲೇಲಿ ಇನ್ನೊಬ್ಬರಿಲ್ಲ. ಸೋಮವಾರವೇ ಹೊರಡಿ."

"ಎಲ್ಲಿಗೆ ಸಾರ್?"

"ಕೋಟೆ ಕ್ಯಾಂಪಿಗೆ. ಅಲ್ಲಿ ಹೊಳೆ ದಾಟಿ ಹೋಗ್ಬೇಕು. ಇರೋದು ಒಂದೇ ಹರಿಗೋಲು. ತೊಂಬತ್ತು ಕಿಲೋ ಮೇಲಿದ್ರೆ ಅಂಬಿಗ ಹತ್ತಿಸಲ್ಲ, ಹೋದ ತಿಂಗಳು ಒಬ್ಬ ಇನ್‌ಸ್ಪೆಕ್ಟರು ಲಸಿಕೆ ಸಮೇತ ಮುಳುಗೆದ್ದ. ಅದಕ್ಕೇ ಈ ಸುತ್ತೋಲೆ. ಮೇಲ್ಪಟ್ಟವರನ್ನ ಇದ್ದ ಜಾಗದಲ್ಲೇ ಬಿಡಿ ಅಂತ ಆರ್ಡರು."

ಬ್ಯಾಟರಾಯಪ್ಪನವರು ಹಲಗೆಯ ಮೇಲೆ ಹಾಗೇ ನಿಂತಿದ್ದರು. "ಸಾರ್... ದಪ್ಪಗಿರೋರಿಗೆ ಶಿಕ್ಷೆ ಅಂತ..."

"ಯಾರ್ರೀ ಹೇಳಿದ್ದು? ಆರೋಗ್ಯ ಇಲಾಖೆಯವನು ದಪ್ಪಗಿದ್ರೆ ಏನು, ಸಣ್ಣಗಿದ್ರೆ ಏನು? ನನಗೆ ಹರಿಗೋಲಿನ ಚಿಂತೆ."

ಐದು ದಿನದ ಮಜ್ಜಿಗೆ ಅವರ ತಲೆಯೊಳಗೆ ಒಟ್ಟಿಗೆ ಹುಳಿಯಿತು. ಮೊಯಿನುದ್ದೀನರ ಕನ್ನಡಕ ಕೈಗೆ ಸಿಕ್ಕಿದ್ದರೆ ಪುಡಿಮಾಡುತ್ತಿದ್ದರು. ತೊಂಬತ್ಮೂರು ಕಿಲೋ ಮೈಯಲ್ಲಿಟ್ಟುಕೊಂಡು ಎಂಬತ್ತೆಂಟರ ಸುಳ್ಳಿಗೆ ಕಾಡು ಸೇರುವುದೇ? ಒಂದು ಮಾತು ಹೇಳಿದರೆ ಸಾಕು, ಯಲಹಂಕದಲ್ಲೇ ಉಳಿಯಬಹುದು. ಆಂಜಿನಪ್ಪ ಸಾಹೇಬರ ಬೆನ್ನ ಹಿಂದೆ ನಿಂತು ಎರಡೂ ಕೈ ಮುಗಿಯುತ್ತಿದ್ದ. ಬೇಡ ಸಾರ್, ಬೇಡ ಎಂದು ಅವನ ಕಣ್ಣು ಗೋಗರೆಯುತ್ತಿತ್ತು. ಸುತ್ತ ಅದೇ ತಕ್ಕಡಿಯಲ್ಲಿ ಇಡೀ ಸುಗ್ಗಿಯ ರಾಗಿ ತೂಗಿಸಿದ ರೈತರು.

"ಸಾರ್, ನಾನು ತೊಂಬತ್ಮೂರು!" ಎಂದು ಕಿರುಚಿದರು ಬ್ಯಾಟರಾಯಪ್ಪ. "ಈ ತಕ್ಕಡಿ ಐದು ಕಿಲೋ ಕಡಿಮೆ ತೋರಿಸುತ್ತೆ!"

ದೊಡ್ಡಮುನಿಯಪ್ಪ ನಿಧಾನವಾಗಿ ಮುಂದೆ ಬಂದ.

"ಏನಂದ್ರಿ ಸ್ವಾಮಿ? ಐದು ಕಿಲೋ?"

"ಇಳೀರಿ," ಎಂದು ಸಾಹೇಬರು ತಾವೇ ಹಲಗೆ ಹತ್ತಿದರು. "ನನ್ನ ತೂಕ ಐವತ್ತಾರು. ಹದಿನೈದು ವರ್ಷದಿಂದ ಬದಲಾಗಿಲ್ಲ."

ಬಟ್ಟು ಐವತ್ತೊಂದಕ್ಕೆ ನಿಂತಿತು.

ಆಮೇಲೆ ಆದದ್ದು ಬೇಗ ಆಯಿತು. ಯಾರೋ ಪಟ್ಟಿಯ ಹಿಂದೆ ಕೈ ಹಾಕಿ ಸೀಸದ ಬಿಲ್ಲೆ ಕಿತ್ತರು. ಓಡಹೊರಟ ಆಂಜಿನಪ್ಪನ ಪಂಚೆಯನ್ನು ಹೆಂಗಸರು ಹಿಡಿದರು. ಮೂಟೆ ಲೆಕ್ಕ, ವರ್ಷದ ಲೆಕ್ಕ, ಅವನ ಅಪ್ಪನ ಕಾಲದ ಲೆಕ್ಕ ಎಲ್ಲ ಒಟ್ಟಿಗೆ ಹೊರಬಂದವು. ಆ ಗದ್ದಲದ ನಡುವೆ ಬ್ಯಾಟರಾಯಪ್ಪನವರು ಮತ್ತೆ ಹಲಗೆ ಹತ್ತಿ, ತಾವೇ ಬಟ್ಟನ್ನು ಸರಿಸಿ, ಪಟ್ಟಿ ನಿಂತ ಕೂಡಲೇ ಎರಡೂ ಕೈ ಮೇಲೆತ್ತಿದರು.

"ತೊಂಬತ್ಮೂರು ಸಾರ್! ನೋಡಿ ಸಾರ್, ತೊಂಬತ್ಮೂರು! ಮೇಲೆ ಇನ್ನೂರು ಗ್ರಾಂ!"

ತಮ್ಮ ತೂಕವನ್ನು ಅವರು ಅಷ್ಟು ಸಂತೋಷದಿಂದ ಹೇಳಿದ್ದು ಜೀವಮಾನದಲ್ಲಿ ಅದೇ ಮೊದಲು. ಸಾಹೇಬರು ನೋಡಿದರು, ತಲೆಯಾಡಿಸಿದರು, ಪುಸ್ತಕದಲ್ಲಿ ಬರೆದುಕೊಂಡರು. ಬರೆಯುತ್ತಿದ್ದ ಪೆನ್ನು ನಡುವೆ ನಿಂತಿತು.

"ಒಂದು ಮಾತು, ಬ್ಯಾಟರಾಯಪ್ಪ. ತಕ್ಕಡಿ ಐದು ಕಿಲೋನೇ ಕಡಿಮೆ ತೋರಿಸುತ್ತೆ ಅಂತ ಅಷ್ಟು ಖಚಿತವಾಗಿ ನಿಮಗೆ ಹೇಗೆ ಗೊತ್ತಿತ್ತು?"

ಬ್ಯಾಟರಾಯಪ್ಪನವರ ಎತ್ತಿದ ಕೈಗಳು ಮೆಲ್ಲಗೆ ಇಳಿದವು. ಉತ್ತರ ಹೆಂಗಸರ ಮಧ್ಯೆ ಸಿಕ್ಕಿಬಿದ್ದ ಆಂಜಿನಪ್ಪನಿಂದ ಬಂತು.

"ನಾನೇ ಹೇಳಿದ್ದೆ ಸಾರ್! ಅರ್ಧ ಗಂಟೆ ಮುಂಚೆ! ಬಿಲ್ಲೆ ವಿಷ್ಯನೂ ಹೇಳಿದ್ದೆ! ಇನ್‌ಸ್ಪೆಕ್ಟರ್ ಸಾಹೇಬ್ರು ಹೂಂ ಅಂದ್ರು! ಕೇಳಿ ಬೇಕಾದ್ರೆ!"

ಜಿಲ್ಲಾ ಸಾಹೇಬರು ಕೇಳಲಿಲ್ಲ. ಬ್ಯಾಟರಾಯಪ್ಪನವರ ಮುಖ ನೋಡಿದರೆ ಸಾಕಾಗಿತ್ತು.

"ಅಂದ್ರೆ ಕಳ್ಳತಕ್ಕಡಿ ಅಂತ ಗೊತ್ತಿದ್ದೂ ಹತ್ತಿ ನಿಂತ್ರಿ. ನನ್ನ ಕಣ್ಣಿಗೆ ಮಣ್ಣೆರಚೋಕೆ."

"ಸಾರ್, ಮನೇಲಿ ಹೆಂಗಸಿಗೆ ಏಳು ತಿಂಗಳು... ಒಂಬತ್ತು ವರ್ಷದ ಮೇಲೆ ಸಾರ್... ಅದಕ್ಕೇ..."

"ಅದನ್ನ ಒಂದು ಅರ್ಜೀಲಿ ಬರೆದು ಕೊಟ್ಟಿದ್ರೆ ನಾನೇ ನಿಮ್ಮ ಹೆಸರು ತೆಗೆದು ಹಾಕ್ತಿದ್ದೆ. ನಾನೂ ಮಕ್ಕಳೊಂದಿಗನೇ. ಆದ್ರೆ ಈಗ? ಊರೆಲ್ಲ ನೋಡ್ತಿದೆ. ಸುಳ್ಳು ತೂಕ ಕೊಟ್ಟ ಇನ್‌ಸ್ಪೆಕ್ಟರನ್ನ ಇದ್ದ ಜಾಗದಲ್ಲೇ ಬಿಟ್ಟೆ ಅಂದ್ರೆ ನಾಳೆ ನನ್ನನ್ನ ಯಾರು ನಂಬ್ತಾರೆ?"

ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಅವರು ಸರಸರನೆ ಬರೆದರು. ಅಭಿನಂದನೆಯ ಮೇಲೆ ಆಗಬೇಕಿದ್ದ ವರ್ಗ ಈಗ ಶಿಸ್ತುಕ್ರಮದ ಮೇಲೆ ವರ್ಗ ಎಂದಾಯಿತು. ಊರು ಅದೇ, ಕಾಡು ಅದೇ, ಸೋಮವಾರವೂ ಅದೇ.

ಬ್ಯಾಟರಾಯಪ್ಪನವರು ಕೊನೆಯ ಹುಲ್ಲುಕಡ್ಡಿ ಹಿಡಿದರು. "ಸಾರ್, ಹರಿಗೋಲು! ನಾನು ತೊಂಬತ್ಮೂರು. ಅಂಬಿಗ ಹತ್ತಿಸಲ್ಲ!"

"ಹರಿಗೋಲು ಯಾಕೆ? ಮೇಲ್ಗಡೆ ಸೇತುವೆ ಇದೆ. ಸುತ್ತು ದಾರಿ. ಹದಿನೆಂಟು ಮೈಲಿ, ನಡೆದೇ ಹೋಗ್ಬೇಕು," ಎಂದು ಸಾಹೇಬರು ಸಹಿ ಹಾಕಿದರು.

ಜೀಪು ಧೂಳೆಬ್ಬಿಸಿ ಹೋಯಿತು. ಹಳ್ಳಿಯವರು ಅತ್ತ ಆಂಜಿನಪ್ಪನ ಲೆಕ್ಕದ ಪುಸ್ತಕ ಬಿಚ್ಚಿಸುತ್ತಿದ್ದರು. ಇತ್ತ ಹುಣಸೆಮರದ ಬೇರಿನ ಮೇಲೆ ಕೂತ ಬ್ಯಾಟರಾಯಪ್ಪನವರು ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡರು. ಮುನಿಯಲ್ಲಮ್ಮಜ್ಜಿಗೆ ಅದೂ ಕಂಡಿತು. ಅವಳು ಸೆರಗಿನ ಮರೆಯಿಂದ ಒಂದು ಗಂಟು ತೆಗೆದು ಅವರ ತೊಡೆಯ ಮೇಲಿಟ್ಟಳು.

"ಅಳ್ಬ್ಯಾಡಿ ಸ್ವಾಮಿ. ನಮ್ ರಾಗಿ ಉಳ್ಸ್ಕೊಟ್ಟೋರು ನೀವು. ನಿಮ್ಮ ಎಂಡ್ರನ್ನ ಒಬ್ರೇ ಬಿಡಾಕಿಲ್ಲ, ಬಾಣಂತನ ಮುಗ್ಯಾಗಂಟ ದಿನಕ್ಕೊಬ್ಬಳು ಓಗಿ ಇರ್ತೀವಿ. ನೀವು ದಾರೀಗೆ ಇದ್ನ ಇಟ್ಕಳಿ. ಅಲ್ಲೂ ಜನ ಸೊರಗ್ದೋರ ಕೈಲಿ ಸೂಜಿ ಆಕ್ಸ್ಕಳಾಕಿಲ್ಲ."

ಗಂಟು ಬಿಚ್ಚಿದರೆ ತಂಬಿಟ್ಟು. ಬ್ಯಾಟರಾಯಪ್ಪನವರು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡರು.

ನಜೀರ್ ಹೌಹಾರಿದ. "ಸಾರ್! ಮೂವತ್ತಾಗಿದೆ! ಇನ್ನೂ ತಿಂತೀರಾ?"

"ತಿನ್ನದೆ ಇನ್ನೇನ್ ಮಾಡ್ಲಪ್ಪ?" ಎಂದರು ಬ್ಯಾಟರಾಯಪ್ಪನವರು, ಬಾಯಿ ತುಂಬಿಕೊಂಡು. "ಹದಿನೆಂಟು ಮೈಲಿ ನಡೀಬೇಕಲ್ಲ."